ದೀಪದ ಬುಡದ ಕತ್ತಲೆ

ಬ್ರಿಟನ್ನಿನ ರಾಕ್ ತಂಡ ‘ದಿ ಕ್ಯೂರ್’ನ ಮೊದಲ ಆಲ್ಬಂ ‘ತ್ರೀ ಇಮ್ಯಾಜಿನರಿ ಬಾಯ್ಸ್’ 1979ರಲ್ಲಿ ಬಂದಾಗ ಹೊದಿಕೆಯ ಮೇಲೆ ಯಾರ ಮುಖವೂ ಇರಲಿಲ್ಲ. ಗುಲಾಬಿ ಹಿನ್ನೆಲೆಯಲ್ಲಿ ಒಂದು ಫ್ರಿಜ್ಜು, ಒಂದು ವ್ಯಾಕ್ಯೂಮ್ ಕ್ಲೀನರ್, ಒಂದು ನಿಲುದೀಪ. ಮೂವರು ಹುಡುಗರಿಗೆ ಮೂರು ಸಾಮಾನು. ತಂಡದ 2024ರ ಆಲ್ಬಂ ‘ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್’ ಕುರಿತು ಆ ದೀಪವನ್ನೇ ಅಭಿಮಾನಿಯೊಬ್ಬ ಮಾತಾಡಿಸಿದಾಗ:

ಅಭಿಮಾನಿ: ನೀವು ತಂಡದ ಗಾಯಕ ರಾಬರ್ಟ್ ಸ್ಮಿತ್ ಅವರ ಪ್ರತಿನಿಧಿಯಂತೆ?

ದೀಪ: ಜನ ಹಾಗೆನ್ನುತ್ತಾರೆ. ಅವರಿಗಂತೂ ಆ ಹೊದಿಕೆ ಕಂಡರಾಗದು. ರೆಕಾರ್ಡ್ ಕಂಪನಿ ತಂದು ಕೂರಿಸಿದ ನಾಮನಿರ್ದೇಶಿತ ಸದಸ್ಯ ನಾನು.

ಅಭಿಮಾನಿ: ಇಷ್ಟು ಕತ್ತಲೆಯ ತಂಡಕ್ಕೆ ದೀಪವೇ?

ದೀಪ: ಕತ್ತಲೆ ಇರುವುದು ದೀಪದ ಬುಡದಲ್ಲೇ ತಾನೆ?

ಅಭಿಮಾನಿ: 2008ರ ‘4:13 ಡ್ರೀಮ್’ ಆದಮೇಲೆ ಹದಿನಾರು ವರ್ಷ ಕಾಯಿಸಿಬಿಟ್ಟರು!

ದೀಪ: ಆಲ್ಬಂ ಬಂದಮೇಲೂ ಕಾಯಿಸುತ್ತಿದ್ದಾರೆ, ಗಮನಿಸಿದಿರಾ? ಮೊದಲ ಹಾಡು ‘ಅಲೋನ್’ನಲ್ಲಿ ಸ್ಮಿತ್ ಬಾಯಿ ಬಿಡುವಷ್ಟರಲ್ಲಿ ಮೂರು ನಿಮಿಷ ದಾಟಿರುತ್ತದೆ. ಕೊನೆಯ ‘ಎಂಡ್‌ಸಾಂಗ್’ನಲ್ಲಿ ಆರು.

ಅಭಿಮಾನಿ: ಗಮನಿಸದೆ? ಇಯರ್‌ಫೋನಿನ ಪಿನ್ ಕಿತ್ತು, ಉಫ್ ಎಂದು ಊದಿ, ಮತ್ತೆ ಚುಚ್ಚಿದೆ. ದನಿ ಬರುವ ಕಡೆಯೇ ಕೆಟ್ಟಿದೆ ಅಂದುಕೊಂಡೆ.

ದೀಪ: ಈಗಿನವರು ಅಷ್ಟರಲ್ಲಿ ಹತ್ತು ರೀಲ್ಸ್ ಮುಗಿಸಿರುತ್ತಾರೆ. ಆದರೆ ಆ ಮೂರು ನಿಮಿಷ ಖಾಲಿಯಲ್ಲ. ಡ್ರಮ್ಮು ಮೆಲ್ಲಗೆ ಹೆಜ್ಜೆ ಹಾಕುತ್ತದೆ, ಕೀಬೋರ್ಡು ಮಂಜಿನಂತೆ ಇಳಿಯುತ್ತದೆ, ಕೆಳಗೆ ಸೈಮನ್ ಗ್ಯಾಲಪ್ ಅವರ ಬೇಸ್ ಗುಡುಗುತ್ತದೆ. ಕಣ್ಣು ಕತ್ತಲೆಗೆ ಒಗ್ಗಲು ಅಷ್ಟು ಹೊತ್ತು ಬೇಕು ಸ್ವಾಮಿ. ಇದು ದೀಪ ಹೇಳುವ ಮಾತು, ನಂಬಿ.

ಅಭಿಮಾನಿ: ಹಳೇ ತಂಡ ಹೊಸ ಹಾಡು ತಂದರೆ ಎದೆ ಢವಗುಟ್ಟುತ್ತದೆ. ಅದೇ ಕೆದರಿದ ಕೂದಲು, ಅದೇ ಲಿಪ್‌ಸ್ಟಿಕ್, ಅದೇ ಅಳು...

ದೀಪ: ಅಳು ಅದೇ ಅಲ್ಲ. 1989ರ ‘ಡಿಸ್‌ಇಂಟಿಗ್ರೇಷನ್’ ಹೊತ್ತಿಗೆ ಮೂವತ್ತಾಗುತ್ತಿದೆಯಲ್ಲ ಎಂದೇ ಕಂಗಾಲಾಗಿದ್ದ ಮನುಷ್ಯ ಸ್ಮಿತ್. ಆಗಿನದು ದುಃಖದ ಮುಂಗಡ ಬುಕಿಂಗ್. ಈ ಆಲ್ಬಂ ಬರುವಾಗ ವಯಸ್ಸು ಅರವತ್ತೈದು. ಅಣ್ಣ ರಿಚರ್ಡ್ ತೀರಿಕೊಂಡ ನೋವು ‘ಐ ಕ್ಯಾನ್ ನೆವರ್ ಸೇ ಗುಡ್‌ಬೈ’ನಲ್ಲಿದೆ. ಪಿಯಾನೊ ಒಂದೇ ಎಳೆಯನ್ನು ಮತ್ತೆ ಮತ್ತೆ ಹಿಡಿಯುತ್ತದೆ, ಸಾವಿನ ಮನೆಯಲ್ಲಿ ಹೇಳಿದ್ದನ್ನೇ ಹೇಳುವವರ ಹಾಗೆ. ಈಗ ಬಿಲ್ಲು ಬಂದಿದೆ, ಕಟ್ಟುತ್ತಿದ್ದಾರೆ.

ಅಭಿಮಾನಿ: ಆದರೂ ಎಂಟೇ ಹಾಡು!

ದೀಪ: ಮದುವೆ ಊಟದಲ್ಲಿ ಸಿಹಿ ಎಷ್ಟು ಬಗೆ ಎಂದು ಎಣಿಸುವವರ ಮಾತಾಯಿತು.

ಅಭಿಮಾನಿ: ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನ ಬೇರೆ. 1992ರ ‘ವಿಶ್’ ಬಳಿಕ ಇದೇ ಮೊದಲು. ಕಂಡಕಂಡವರೆಲ್ಲ ಕೇಳತೊಡಗಿದರೆ ನಮ್ಮಂಥ ಹಳಬರ ಗತಿ?

ದೀಪ: ದುಃಖಕ್ಕೂ ರೇಷನ್ ಕಾರ್ಡು ಕೇಳುತ್ತೀರಾ?

ಅಭಿಮಾನಿ: ಹೊಸ ಹೊದಿಕೆ ನೋಡಿದಿರಾ? ಕಲ್ಲಿನ ತಲೆ.

ದೀಪ: ಶಿಲ್ಪಿ ಯಾನೆಸ್ ಪಿರ್ನಾಟ್ 1975ರಲ್ಲಿ ಕೆತ್ತಿದ್ದು. ಸವೆದಿದ್ದರೂ ಅದಕ್ಕೊಂದು ಮುಖವಿದೆ. ನನಗೆ ಕೊಟ್ಟದ್ದು ಬರೀ ಷೇಡು.

ಅಭಿಮಾನಿ: ಕೊನೆಯದಾಗಿ ಓದುಗರಿಗೆ ಒಂದು ಮಾತು?

ದೀಪ: ಹೇಳೋಣ. ಆರು ನಿಮಿಷ ತಡೆಯಿರಿ.