ಚಲನಶೀಲ ಗೃಹ ಮತ್ತು ಋತುಬಾಹ್ಯ ನದೀಕಣಿವೆ: ಒಂದು ತಾತ್ವಿಕ ಅನುಸಂಧಾನ

ಪೀಠಿಕೆ

ಮನೆ ಎಂಬುದು ಕಟ್ಟಡವಲ್ಲ, ಕಥನ. ಕಥನಕ್ಕೆ ಚಕ್ರ ಹಾಕಬಹುದು. ಚಕ್ರ ಹಾಕಿದ್ದನ್ನು ಹೊಳೆಯ ದಡದಲ್ಲಿ ನಿಲ್ಲಿಸಿ ಎರಡು ದಿನದ ವಿಚಾರಸಂಕಿರಣ ಮಾಡಬಹುದು. ಈ ಮೂರು ನೆಲೆಗಳ ಮುಖಾಮುಖಿಯಲ್ಲಿ ಸಂಭವಿಸುವ ಅಸ್ಥಿರ ಅಸ್ಮಿತೆಯ ಸಂಕಥನವನ್ನು ದೇಸಿ ಪರಿಪ್ರೇಕ್ಷ್ಯದಲ್ಲಿ ಮರುಓದಿಗೆ ಒಡ್ಡುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಹಿಂದಿನ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಕೂತು, ಸಂಕಿರಣದ ಕರಪತ್ರ ನೋಡಿಕೊಂಡು ಬರೆದದ್ದು. ಬರೆದವನಿಗೂ ಅಷ್ಟಕ್ಕಷ್ಟೆ.

ಪೂರ್ವಸೂರಿಗಳು

ದಿಕ್ಸೂಚಿ ಭಾಷಣ ಮಾಡಿದ ಮಹನೀಯರು ಒಂದು ನವೆಂಬರಿನಲ್ಲಿ ಜರ್ಮನಿಯ ಮೋಸೆಲ್ ಕಣಿವೆಯಲ್ಲಿ ಮೋಟಾರುಮನೆ ಓಡಿಸಿಕೊಂಡು ಹೋಗಿಬಂದವರು. ಟ್ರಿಯರ್ ಊರಿನಿಂದ ಹಿಡಿದು ಕೊಬ್ಲೆನ್ಜ್‌ನಲ್ಲಿ ಆ ಹೊಳೆ ರೈನ್ ನದಿಯನ್ನು ಸೇರುವವರೆಗೆ ತಿರುವಿಗೆ ಹತ್ತರಂತೆ ಸ್ಲೈಡು ತೋರಿಸಿದರು. ಮೋಸೆಲ್‌ಗೆ ತಿರುವು ಬಹಳ. ತಿಳಿದುಬಂದದ್ದಿಷ್ಟು: ಆ ಹೊತ್ತಿಗೆ ದ್ರಾಕ್ಷಿ ಕೊಯ್ಲು ಮುಗಿದು ಗುಡ್ಡಗಳು ಬೋಳಾಗಿರುತ್ತವೆ. ಬಹಳಷ್ಟು ತಂಗುದಾಣಗಳು ಬಾಗಿಲು ಹಾಕಿರುತ್ತವೆ. ನೀರು ಹೆಪ್ಪುಗಟ್ಟಿ ಪೈಪು ಒಡೆದೀತೆಂದು ನಲ್ಲಿ ಬಂದ್ ಮಾಡಿರುತ್ತಾರೆ. ಚಳಿಗಾಲದಲ್ಲಿ ಹೊಳೆ ಉಕ್ಕಿದರೆ ದಡದಲ್ಲಿ ಮಲಗಿದವರು ರಾತ್ರೋರಾತ್ರಿ ಗಾಡಿ ಎಬ್ಬಿಸಬೇಕು. ಇದನ್ನೆಲ್ಲ ಅವರು ‘ಅಭಾವದ ಸೌಂದರ್ಯಮೀಮಾಂಸೆ’ ಎಂದು ಕರೆದರು. ಪಕ್ಕದಲ್ಲಿದ್ದ ಸೊರಬದ ಹಿರಿಯರೊಬ್ಬರು ಕಣ್ಣು ಬಿಟ್ಟು, “ನೀರಿಲ್ಲ, ನಲ್ಲಿ ಇಲ್ಲ ಅನ್ನೋದಕ್ಕೆ ಅಷ್ಟು ದೂರ ಯಾಕೆ ಹೋಗಬೇಕಿತ್ತು ಮಾರಾಯ್ರೆ” ಎಂದು ಮತ್ತೆ ಕಣ್ಣು ಮುಚ್ಚಿದರು.

ಪರಿಭಾಷೆ

‘ಋತುಬಾಹ್ಯ’ ಅಂದರೆ ಆಫ್‌ಸೀಸನ್. ಈ ಪರಿಕಲ್ಪನೆ ನಮ್ಮ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಬಂದ ಕೂಡಲೇ ಕೈಕೊಡುತ್ತದೆ. ಮಳೆಗಾಲದಲ್ಲಿ ಹೊರಗಿನ ಪ್ರವಾಸಿಗಳು ಇತ್ತ ತಲೆ ಹಾಕುವುದಿಲ್ಲ. ಆದರೆ ಕುಮುದ್ವತಿಗೆ ಕಟ್ಟಿದ ಅಂಜನಾಪುರದ ಜಲಾಶಯ ಕೋಡಿ ಬಿದ್ದಿತಂತೆ ಎಂಬ ಸುದ್ದಿ ಬಂದರೆ ಸಾಕು, ಕೊಡೆ, ಕೂಸು, ಮಿರ್ಚಿ ಮಂಡಕ್ಕಿ ಸಮೇತ ಊರಿಗೆ ಊರೇ ಅಲ್ಲಿರುತ್ತದೆ. ಸೊರಬದ ಗುಡವಿ ಕೆರೆಗೆ ಬಿಳಿ ಕೆಂಬರಲುಗಳು ಗೂಡು ಕಟ್ಟಲು ಬರುವುದೂ ಮಳೆ ಹಿಡಿದ ಮೇಲೆಯೇ. ಹಕ್ಕಿಗಳು ಸಂಕಿರಣದ ಕರಪತ್ರ ಓದಿಲ್ಲ.

ವರ್ಗೀಕರಣ

ಚಲನಶೀಲ ಗೃಹಗಳಲ್ಲಿ ಏಳು ವರ್ಗ, ಇಪ್ಪತ್ತೊಂದು ಉಪವರ್ಗ.

ಒಂದು, ಸಶೌಚಾಲಯ ಸ್ವಯಂಚಾಲಿತ ಗೃಹ. ಮೇಲೆ ನೋಡಿ.

ಎರಡು, ವೃಷಭಚಾಲಿತ ಕಮಾನುಛಾದಿತ ಗೃಹ. ಜನರ ಬಾಯಲ್ಲಿ ಕೊಲ್ಲಾರಿ ಬಂಡಿ. ಚಂದ್ರಗುತ್ತಿಯ ರೇಣುಕಾಂಬೆ ಜಾತ್ರೆಗೆ ರೊಟ್ಟಿ ಬುತ್ತಿ ಕಟ್ಟಿ, ಮುದುಕಿಯರನ್ನೂ ಮಕ್ಕಳನ್ನೂ ತುಂಬಿಕೊಂಡು ಹೋಗಿ, ವರದೆಯಲ್ಲಿ ಮಿಂದು, ಬಂಡಿಯ ಕೆಳಗೇ ಮಲಗುತ್ತಿದ್ದ ಪದ್ಧತಿ. ನಮ್ಮಜ್ಜಿ ಇದಕ್ಕೆ ಸೌಂದರ್ಯಮೀಮಾಂಸೆ ಹೇಳಿದವಳಲ್ಲ. ಸೊಂಟ ನೋವು ಎನ್ನುತ್ತಿದ್ದಳು.

ಮೂರು, ಅಶ್ವಾಧಾರಿತ ಸಂಚಾರ. ತಾಳಗುಂದದ ಮಯೂರಶರ್ಮ ವೇದ ಓದಲು ಕಂಚಿಗೆ ಹೋಗಿ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ, ಸಿಟ್ಟಿನಿಂದ ದರ್ಭೆ ಬಿಟ್ಟು ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ ಎಂದು ಅಲ್ಲಿಯ ಕಂಬದ ಶಾಸನ ಹೇಳುತ್ತದೆ. ಅದು ದಕ್ಷಿಣ ಭಾರತದ ಮೊತ್ತಮೊದಲ ಪಾರ್ಕಿಂಗ್ ಜಗಳವೆಂದು ಪ್ರಸ್ತುತ ಲೇಖಕ ಮಂಡಿಸುತ್ತಾನೆ. ಒಪ್ಪದವರು ಚಹಾ ವಿರಾಮದಲ್ಲಿ ಸಿಗಬೇಕು.

ನಾಲ್ಕು, ತೈಲಚಾಲಿತ ತಾಡಪಾಲುಛಾದಿತ ಗೃಹ. ಇದರ ಉಪವರ್ಗ (ಅ), (ಆ)…

ಬೇಡ, ಬಿಡಿ. ಈ ನಾಲ್ಕನೆಯದಕ್ಕೆ ಹೆಸರಿಡುವ ಹೊತ್ತಿಗೆ ನನಗೆ ನಗು ಬರುತ್ತಿಲ್ಲ.

ಕ್ಷೇತ್ರಕಾರ್ಯ

ಸಂಕಿರಣದ ಎರಡನೆಯ ದಿನ, ಡಿಸೆಂಬರಿನ ಬೆಳಿಗ್ಗೆ ಏಳು ಗಂಟೆ. ಕುಮುದ್ವತಿಯ ದಡದಲ್ಲಿ ಒಂದು ಪಿಕಪ್ ನಿಂತಿತ್ತು. ಮೇಲೆ ನೀಲಿ ತಾಡಪಾಲು. ಒಳಗೆ ಕೌದಿ, ಬಿಂದಿಗೆ, ಅಕ್ಕಿ ಮೂಟೆ, ಬುಟ್ಟಿಯಲ್ಲಿ ಎರಡು ಕೋಳಿ, ಮೂರು ಸಂಸಾರ. ತಾಂಡಾದವರು. ಮೆಕ್ಕೆಜೋಳ ಮುರಿದಾಯಿತು, ಹೊಲದಲ್ಲಿ ಇನ್ನು ಕೆಲಸವಿಲ್ಲ, ಮೇಸ್ತ್ರಿಯಿಂದ ಮುಂಗಡ ತಗೊಂಡಾಗಿದೆ, ಚಿಕ್ಕಮಗಳೂರಿನ ಕಡೆ ಕಾಫಿ ಕೊಯ್ಲಿಗೆ ಹೊರಟಿದ್ದರು. ಇವರ ಆಫ್‌ಸೀಸನ್ ಇದು. ಎಂಟು ವರ್ಷವಿರಬಹುದಾದ ಹುಡುಗಿಯೊಬ್ಬಳು ಶಾಲೆಯ ಬ್ಯಾಗು ಬಿಚ್ಚಿ ಅದರಿಂದ ಒಂದೊಂದೇ ಈರುಳ್ಳಿ ತೆಗೆದು ತಾಯಿಗೆ ಕೊಡುತ್ತಿದ್ದಳು. ಬ್ಯಾಗಿನ ಮೇಲೆ ಇನ್ನೂ ಹೆಸರು, ತರಗತಿ ಬರೆದಿತ್ತು. ವಾಪಸು ಬರುವುದು ಯಾವಾಗ ಎಂದೆ. ಕೊಯ್ಲು ಮುಗಿದಾಗ, ಅಂದರೆ ಪರೀಕ್ಷೆ ಹತ್ತಿರ ಬಂದಾಗ.

ಇವರ ಹಿರಿಯರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯ ಹೊತ್ತು ದೇಶ ಸುತ್ತಿದವರು. ಇವರು ನಡೆದುಕೊಳ್ಳುವ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲೇ ಇದೆ. ರೈಲು ಬಂದು ಆ ಕಸುಬು ಹೋಯಿತು. 1871ರಲ್ಲಿ ಬ್ರಿಟಿಷರು ತಂದ ಕಾಯಿದೆಯಿಂದ ಅಲೆಮಾರಿ ಜನ ಹುಟ್ಟಾ ಅಪರಾಧಿಗಳ ಪಟ್ಟಿ ಸೇರುವಂತಾಯಿತು. ತಿರುಗಾಟ ಒಂದೇ. ಒಬ್ಬರು ತಿರುಗಿದರೆ ಅನುಭವ ಕಥನ, ಇನ್ನೊಬ್ಬರು ತಿರುಗಿದರೆ ಗುಳೆ. ಇದನ್ನು ಹೇಳಲು ಪರಿಪ್ರೇಕ್ಷ್ಯ ಬೇಕೇನ್ರಿ?

ಅಷ್ಟರಲ್ಲಿ ಶಾಮಿಯಾನದವರು ಬಂದರು. ಪ್ರತಿನಿಧಿಗಳಿಗೆ ಮಧ್ಯಾಹ್ನ ‘ನದೀತೀರದ ದೇಸಿ ಭೋಜನ’ ಏರ್ಪಾಡಾಗಿದ್ದುದು ಅದೇ ಜಾಗದಲ್ಲಿ. ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂಡ ಹುಡುಗನೊಬ್ಬ, “ಏ, ಗಾಡಿ ತೆಗೀರಿ, ಇಲ್ಲಿ ಪ್ರೋಗ್ರಾಮ್ ಐತಿ” ಎಂದ.

“ಹೋಗ್ತೀವ್ರಿ ಅಣ್ಣಾರೆ, ಅನ್ನ ಒಂದು ಬೇಯಲಿ” ಎಂದಳು ತಾಯಿ.

ಅನ್ನ ಬೇಯಲಿಲ್ಲ. ಒಲೆಗೆ ನೀರು ಹೊಯ್ದು, ಅರೆಬೆಂದ ಪಾತ್ರೆಗೆ ಬಟ್ಟೆ ಸುತ್ತಿ ಗಾಡಿಗೇರಿಸಿದರು. ನಾನೂ ಬ್ಯಾಡ್ಜು ಹಾಕಿಕೊಂಡಿದ್ದೆ. ಸುಮ್ಮನೆ ನಿಂತಿದ್ದೆ.

ಮಧ್ಯಾಹ್ನ ಹೋಳಿಗೆ ಬಡಿಸುವಾಗ ಸಂಘಟಕರು ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನದ ಸಾರಾಂಶ ಓದಿದರು. ಕೆರೆಯ ಕೋಡಿಯ ಹತ್ತಿರವಿದ್ದ ಮಠ ಅದು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ಕುಣಿಯುವವರು, ಯಾವ ಮತದ ಭಿಕ್ಷುಕರಾದರೂ ಸರಿ, ಬಂದವರಿಗೆ ಅನ್ನ, ರೋಗಿಗಳಿಗೆ ಮದ್ದು, ಸಕಲ ಜೀವಿಗಳಿಗೂ ಅಭಯ. ವರ್ಗೀಕರಣವೆಂದರೆ ಅದು. ಯಾರನ್ನೂ ಹೊರಗಿಡದ ಪಟ್ಟಿ. ಸಭೆ ಚಪ್ಪಾಳೆ ತಟ್ಟಿತು, ತುಪ್ಪದ ಕೈಯಲ್ಲೇ.

ಊಟವಾದ ಮೇಲೆ ದಿಕ್ಸೂಚಿ ಭಾಷಣದವರು ಎಲೆಅಡಿಕೆ ಹಾಕಿಕೊಂಡು ದಡದಲ್ಲಿ ಅಡ್ಡಾಡಿದರು. ಶಾಮಿಯಾನದ ಹಿಂದೆ, ಕಪ್ಪಾದ ಮೂರು ಕಲ್ಲು, ಒದ್ದೆ ಬೂದಿ, ಒಂದಷ್ಟು ಈರುಳ್ಳಿ ಸಿಪ್ಪೆ. “ಅಬ್ಬಾ, ಎಂಥ ಆದಿಮ ಗೃಹಪ್ರತಿಮೆ” ಎಂದು ಮಂಡಿಯೂರಿ ಫೋಟೊ ತೆಗೆದರು. ಫೋಟೊ ಚೆನ್ನಾಗಿ ಬಂದಿದೆ. ಸಂಕಿರಣದ ಸಂಪಾದಿತ ಕೃತಿಯ ಮುಖಪುಟಕ್ಕೆ ಅದನ್ನೇ ಹಾಕುತ್ತಾರಂತೆ.