ಗೊರವಗಳಿಗೆ ಪಂಚಾಂಗವಿಲ್ಲ

ಹಕ್ಕಿ ನೋಡಲು ಬ್ರಾಹ್ಮೀ ಮುಹೂರ್ತದಲ್ಲೇ ಏಳಬೇಕೆಂಬ ನಂಬಿಕೆ ಕಾಡಿಗೆ ಸರಿ, ಅಳಿವೆಗಲ್ಲ. ಕುಮಟಾ ಬಳಿಯ ಅಘನಾಶಿನಿಯನ್ನೇ ನೋಡಿ. 2024ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಗೆ ಚಳಿಗಾಲದಲ್ಲಿ ಬರುವ ಗೊರವ ಹಕ್ಕಿಗಳು ಪಂಚಾಂಗ ನೋಡುವುದಿಲ್ಲ, ನೀರು ನೋಡುತ್ತವೆ. ಇಳಿತದಲ್ಲಿ ಕೆಸರು ತೆರೆದಾಗ ಊಟ, ಉಬ್ಬರದಲ್ಲಿ ಮುಳುಗಿದಾಗ ಒಂಟಿಕಾಲಿನ ನಿದ್ದೆ. ಹಸಿವಿದ್ದರೆ ನಡುರಾತ್ರಿಯೂ ಪಂಕ್ತಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದರಿಂದ ಇವತ್ತಿನ ಶುಭಗಳಿಗೆ ಮುಂದಿನ ವಾರ ಕೆಲಸಕ್ಕೆ ಬಾರದು. ಹೀಗಿದ್ದೂ ಹಕ್ಕಿ ನಡಿಗೆಯೆಂದು ಬೆಳಿಗ್ಗೆ ಆರಕ್ಕೇ ಎಲ್ಲರನ್ನೂ ಸೇರಿಸಿ, ತುಂಬಿದ ನೀರನ್ನು ದುರ್ಬೀನಿನಲ್ಲಿ ತೋರಿಸುವುದು ಯಾವ ಸೀಮೆಯ ಅತಿಥಿ ಸತ್ಕಾರ?

ಬಿಸಿಲೇರಿದರೆ ಝಳಕ್ಕೆ ದೂರದ ಹಕ್ಕಿ ನಡುಗುವ ಚುಕ್ಕಿಯಾಗುತ್ತದೆ, ಬೆಳಿಗ್ಗೆಯೇ ವಾಸಿ ಎನ್ನುವವರಿದ್ದಾರೆ. ನಿಜ. ಆದರೆ ಇಲ್ಲದ ಹಕ್ಕಿ ಎಂಥ ತಿಳಿಬೆಳಕಿನಲ್ಲೂ ಕಾಣದು. ಹಾಗೆಂದು ಪೂರ್ತಿ ಇಳಿತವೂ ಬೇಡ. ಆಗ ಅವು ಕೆಸರಿನ ಆಚೆ ತುದಿಯಲ್ಲಿರುತ್ತವೆ, ಬೆನ್ನು ಹತ್ತಿದರೆ ಚಪ್ಪಲಿ ಅಳಿವೆಗೆ ಅರ್ಪಣೆ. ನೀರು ಏರತೊಡಗಿದಾಗ ದಡದಲ್ಲಿ ಸುಮ್ಮನೆ ನಿಂತರೆ ಅವೇ ಹತ್ತಿರ ಬರುತ್ತವೆ. ನಡಿಗೆಯೆಂದು ಕರೆದು ನಿಲ್ಲಿಸುವುದು ಹೇಗೆ ಎಂದು ಸಂಘಟಕರು ಕೇಳಬಹುದು. ಕಾಲಿಗೆ ವ್ಯಾಯಾಮ ಬೇಕಾದವರಿಗೆ ಊರಲ್ಲಿ ಪಾರ್ಕುಗಳಿವೆ. ಹೊತ್ತು ಯಾವುದೆಂದು ತಿಳಿಯದಿದ್ದರೆ ಕೆಸರಿನಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವ ಹೆಂಗಸರನ್ನು ಕೇಳಿ. ನೀರಿನ ವೇಳಾಪಟ್ಟಿ ಅವರಿಗೆ ಬಾಯಿಪಾಠ.