ಕೈ ಊರಬ್ಯಾಡ್ರಿ

ಶಿವಯೋಗ ಮಂದಿರದಲ್ಲಿ ಪ್ರಸಾದ ಮುಗಿದು ಪಂಕ್ತಿ ಏಳುವ ಹೊತ್ತಿಗೆ ನನ್ನ ಎದೆ ಡವಗುಟ್ಟುತ್ತದೆ. ಹುಗ್ಗಿಯ ಭಾರಕ್ಕಲ್ಲ, ಪಕ್ಕದ ಮಾಸ್ತರರ ದನಿಗೆ.

"ಕೈ ಊರಬ್ಯಾಡ್ರಿ!"

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಒಮ್ಮೆ ಮೊಣಕಾಲು ಹಿಡಿದು ಫಿಜಿಯೋಥೆರಪಿಗೆ ಹೋಗುತ್ತಾರೆ. ಬರುವಾಗ ವ್ಯಾಯಾಮದ ಒಂದು ಹಾಳೆ ತರುತ್ತಾರೆ. ಆಮೇಲೆ ಊರಿಗೆಲ್ಲ ಅದೇ ಪಂಚಾಂಗ. ನಮ್ಮವರು ಗಣಿತ ಕಲಿಸಿ ನಿವೃತ್ತರಾದವರಾದ್ದರಿಂದ ಅಂಕಿಗಳೂ ತಪ್ಪುವುದಿಲ್ಲ: "ವಾರಕ್ಕ 150 ಮಿನಿಟ ಬಿರುಸಾಗಿ ನಡೀರಿ, ಎರಡು ದಿನ ತೊಡಿ ಗಟ್ಟಿ ಮಾಡ್ರಿ, ಮೂರು ದಿನ ಸಮತೋಲದ ಕಸರತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳೇತಿ." ಬಾದಾಮಿ ಬಸ್‌ಸ್ಟ್ಯಾಂಡಿನಲ್ಲಿ ಕಂಬ ಹಿಡಿದು ಒಂಟಿಗಾಲಲ್ಲಿ ನಿಂತವರನ್ನು ಕಂಡರೆ ಹರಕೆ ಹೊತ್ತವರೆಂದು ತಿಳಿಯಬೇಡಿ, ಬಸ್ಸಿಗೆ ಕಾಯುತ್ತಿರುವ ಮಾಸ್ತರರು.

"ನೋವು ಬಂದಮ್ಯಾಲ ಹೋಗಾವ ರೋಗಿ, ಮೊದಲ ಹೋಗಾವ ಶ್ಯಾಣ್ಯಾ" ಎಂದು ನನ್ನನ್ನೂ ಅಟ್ಟಿದರು. ಫಿಜಿಯೋಥೆರಪಿಯ ಹುಡುಗಿ ಎಲ್ಲಿ ನೋವು ಎಂದಳು. ಮಾಸ್ತರರದ್ದು ಎಂದೆ. ಅವಳು ನಗದೆ ಕುರ್ಚಿ ಎಳೆದು, ಎದೆಯ ಮೇಲೆ ಕೈ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಎಂದಳು. 11. ಅರವತ್ತೆರಡರ ಗಂಡಸಿಗೆ 14 ಆದರೂ ಆಗಬೇಕಂತೆ. ಶ್ಯಾಣ್ಯಾ ಆಗಲು ಹೋಗಿ ನಪಾಸಾಗಿ ಬಂದೆ.

ಕೇಳಿದ ಮಾಸ್ತರರಿಗೆ ಹಬ್ಬ. 1909ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಮಲಪ್ರಭೆಯ ದಂಡೆಗೆ ಈ ಮಂದಿರ ಕಟ್ಟಿದ್ದು ಮಠಗಳಿಗೆ ಸ್ವಾಮಿಗಳನ್ನು ತಯಾರು ಮಾಡಲು. ಮಾಸ್ತರರ ಕಣ್ಣಿಗೆ ಅದು ತೊಡೆಯ ಶಾಲೆ. "ಪೂಜಿಗೆ ನೆಲ, ಪಾಠಕ್ಕ ನೆಲ, ಊಟಕ್ಕ ನೆಲ. ಆ ವಟುಗಳು ದಿನಕ್ಕ ಎಷ್ಟು ಸಲ ಕುಂತು ಏಳ್ತಾರ, ಎಣಿಸೀರೇನು?" ಎಣಿಸಿರಲಿಲ್ಲ. ಆದರೆ ನನ್ನ ಮನೆಯ ಲೆಕ್ಕ ನೆನಪಾಯಿತು: ಊಟಕ್ಕೆ ಟೇಬಲ್ಲು, ಪಾಯಖಾನೆಗೆ ಕಮೋಡು, ಪೂಜೆಗೂ ಪ್ಲಾಸ್ಟಿಕ್ ಕುರ್ಚಿ. ನೆಲಕ್ಕೂ ನನಗೂ ಮಾತು ಬಿಟ್ಟು ಹತ್ತು ವರ್ಷವಾಗಿತ್ತು.

ಆ ಶ್ರಾವಣದಲ್ಲಿ ಹಟ ಹುಟ್ಟಿತು. ಹುಗ್ಗಿ ಎರಡು ಸಲ ಹಾಕಿಸಿಕೊಂಡ ಮೇಲೆ ಕೈ ಊರದೆ ಎದ್ದೆ. ಅರ್ಧ ಎದ್ದೆ. ಉಳಿದರ್ಧಕ್ಕೆ ತೊಡೆ ಒಪ್ಪಲಿಲ್ಲ. ವಾಲಿದವನು ಬಡಿಸುತ್ತ ಬಂದವನ ಸಾರಿನ ಬಕೀಟು ಅಪ್ಪಿಕೊಂಡೆ. ಎದುರು ಸಾಲಿನ ವಟುಗಳು ನಗು ತಡೆಯಲು ತಾಟಿನೊಳಗೇ ತಲೆ ತೂರಿಸಿದರು. ಮಾಸ್ತರರು ಕೈ ಕೊಡಲಿಲ್ಲ. ಕೊಟ್ಟರೆ ಲೆಕ್ಕಕ್ಕಿಲ್ಲವಲ್ಲ! "ಬಲಗಾಲು ಹಿಂದ ತಗೋಬೇಕಿತ್ತು" ಎಂದರು, ಅಷ್ಟೆ.

ಸೇಡಿಗೆಂದೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಮೊದಲು ಕುರ್ಚಿ, ಆಮೇಲೆ ಗಿಡ್ಡ ಮಣೆ, ಕೊನೆಗೆ ನೆಲ. ಹೆಂಡತಿ ಯಾವುದೋ ವ್ರತವೆಂದು ತಿಳಿದು ಸುಮ್ಮನಿದ್ದಳು.

ಮೊನ್ನೆ ಮತ್ತೆ ಪಂಕ್ತಿ. ಎಪ್ಪತ್ತೆಂಟರ ಮಾಸ್ತರರು ಪಕ್ಕದಲ್ಲೇ. ಊಟವಾಯಿತು, ಆ ದನಿ ಬರಲಿಲ್ಲ. ತಿರುಗಿದರೆ ಅವರ ಎಡಗೈ ಮೆಲ್ಲಗೆ ನೆಲ ಮುಟ್ಟಿತ್ತು. ನನ್ನ ಕಣ್ಣಿಗೆ ಬಿದ್ದುದು ಅವರಿಗೂ ತಿಳಿಯಿತು.

"ಅಗಳು ಬಿದ್ದಿತ್ತು" ಎಂದರು.

ಏಳು ತಿಂಗಳು ಕಾದ ಸೇಡು ನಾಲಿಗೆಯ ತುದಿಗೆ ಬಂದಿತ್ತು. ನೆಲದ ಮೇಲೆ ಅಗಳು ಒಂದೂ ಇರಲಿಲ್ಲ.

"ಇಲ್ಲೂ ಭಾಳ ಬಿದ್ದಾವ್ರಿ ಸರ" ಎಂದು ಎರಡೂ ಕೈ ಊರಿ ಎದ್ದೆ.